ಕಚೇರಿಗಳು ಹೆಚ್ಚಿದವು, ಕೌಂಟರಿನಲ್ಲಿ ಕೂರುವವರು ಕಡಿಮೆಯಾದರು

ಒಂದೇ ಪೇಪರಿನಲ್ಲಿ ಎರಡು ಸುದ್ದಿ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಸರ್ಕಾರಿ ಹುದ್ದೆ ಖಾಲಿ ಇವೆ ಎಂದು ಒಂದು ಹೇಳುತ್ತದೆ. ಸರ್ಕಾರಿ ನೌಕರರ ಸಂಬಳ, ಪಿಂಚಣಿಯ ಹೊರೆ ಖಜಾನೆಯ ಬೆನ್ನು ಬಗ್ಗಿಸುತ್ತಿದೆ ಎಂದು ಇನ್ನೊಂದು ಹೇಳುತ್ತದೆ. ಪುಟ ತಿರುಗಿಸಿದರೆ ಮತ್ತೊಬ್ಬರಿಗೆ ಸಂಪುಟ ದರ್ಜೆ ಸ್ಥಾನಮಾನ ಸಿಕ್ಕ ಸುದ್ದಿ.

ಓದುವವರಿಗೆ ಗೊಂದಲ ಆಗುವುದು ಸಹಜ. ನೌಕರರೇ ಇಲ್ಲ ಅಂದರೆ ಸಂಬಳ ಯಾರಿಗೆ ಹೋಗುತ್ತಿದೆ? ಸರ್ಕಾರ ದಿನೇ ದಿನೇ ದೊಡ್ಡದಾಗುತ್ತಿದ್ದರೆ ತಾಲ್ಲೂಕು ಕಚೇರಿಯಲ್ಲಿ "ಸಾಹೇಬರು ಇನ್‌ಚಾರ್ಜ್, ಗುರುವಾರ ಬರ್ತಾರೆ" ಅನ್ನುವ ಮಾತು ಯಾಕೆ ನಿಂತಿಲ್ಲ? ದಾವಣಗೆರೆ, ಚಿತ್ರದುರ್ಗದ ಕಡೆ ಟೀ ಅಂಗಡಿ, ಬಸ್ ಸ್ಟ್ಯಾಂಡ್, ಎಪಿಎಂಸಿ, ಎಲ್ಲಿ ಹೋದರೂ ಸರ್ಕಾರದ ಮೇಲಿನ ಸಿಟ್ಟು ಕೇಳಿಸುತ್ತದೆ. ಸಿಟ್ಟು ನಿಜ. ಆದರೆ ಸರ್ಕಾರದ ಯಾವ ಭಾಗ ಬೆಳೆದಿದೆ, ಯಾವ ಭಾಗ ಸೊರಗಿದೆ ಅನ್ನುವುದನ್ನು ಬಿಡಿಸಿ ನೋಡದಿದ್ದರೆ ಆ ಸಿಟ್ಟು ತಪ್ಪು ಜಾಗಕ್ಕೆ ಬೀಳುತ್ತದೆ.

ಬಜೆಟ್ ಮೂರು ಪಟ್ಟು ಆಗಿದೆ, ಆದರೆ

ಮೊದಲು ದುಡ್ಡಿನ ಲೆಕ್ಕ. 2013-14ರಲ್ಲಿ ರಾಜ್ಯದ ಬಜೆಟ್ ಸುಮಾರು 1.2 ಲಕ್ಷ ಕೋಟಿ ರೂಪಾಯಿ. 2025-26ರಲ್ಲಿ 4,09,549 ಕೋಟಿ ರೂಪಾಯಿ. ಹನ್ನೆರಡು ವರ್ಷದಲ್ಲಿ ಮೂರು ಪಟ್ಟು ದಾಟಿದೆ. ಇಷ್ಟು ಕೇಳಿದರೆ ಯಾರಿಗಾದರೂ ಸರ್ಕಾರ ಊದಿಕೊಂಡಿದೆ ಅನ್ನಿಸುತ್ತದೆ.

ಆದರೆ ಇದೇ ಅವಧಿಯಲ್ಲಿ ರಾಜ್ಯದ ಒಟ್ಟು ಉತ್ಪನ್ನ, ಅಂದರೆ ವರ್ಷಕ್ಕೆ ಇಡೀ ಕರ್ನಾಟಕ ದುಡಿಯುವ ಮೊತ್ತ, ಸುಮಾರು 8 ಲಕ್ಷ ಕೋಟಿಯಿಂದ 30 ಲಕ್ಷ ಕೋಟಿಗೆ ಏರಿದೆ. ಆಗ ನೂರು ರೂಪಾಯಿ ದುಡಿಮೆಗೆ ಸರ್ಕಾರದ ಬಜೆಟ್ ಹದಿನೈದು ರೂಪಾಯಿಯ ಹತ್ತಿರ ಇತ್ತು. ಈಗ ಹದಿಮೂರು ರೂಪಾಯಿಯ ಹತ್ತಿರ ಇದೆ. ಅಂದರೆ ರಾಜ್ಯದ ದುಡಿಮೆಯ ಜೊತೆ ಇಟ್ಟು ತೂಗಿದರೆ ರಾಜ್ಯ ಸರ್ಕಾರ ಬೆಳೆದೇ ಇಲ್ಲ, ತುಸು ಇಳಿದಿದೆ.

ಹಾಗಾದರೆ ಜನರಿಗೆ ಭಾರ ಅನ್ನಿಸುವುದು ಸುಳ್ಳಾ? ಸುಳ್ಳಲ್ಲ. ಒಟ್ಟು ಉತ್ಪನ್ನ ಏರಿದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಹೊಸದುರ್ಗದ ತೆಂಗು ಬೆಳೆಗಾರನ ಆದಾಯವಾಗಲಿ, ದಾವಣಗೆರೆಯ ಗಾರ್ಮೆಂಟ್ಸ್ ಕೆಲಸಗಾರ್ತಿಯ ಆದಾಯವಾಗಲಿ ಹನ್ನೆರಡು ವರ್ಷದಲ್ಲಿ ನಾಲ್ಕು ಪಟ್ಟು ಆಗಿಲ್ಲ. ಆದರೆ ಕಟ್ಟುವ ದುಡ್ಡು ಎಲ್ಲರಿಗೂ ಒಂದೇ. ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿ 21.17% ಆಯಿತು. 2025ರ ಜನವರಿಯಲ್ಲಿ ಬಸ್ ದರ 15% ಹೆಚ್ಚಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಆಗಸ್ಟ್ ಕೊನೆಯಲ್ಲಿ ಆಸ್ತಿ ನೋಂದಣಿ ಶುಲ್ಕ 1% ಇದ್ದದ್ದು 2% ಆಯಿತು. ಇವೆಲ್ಲ ಒಂದೇ ಖಾತೆಗೆ ಹೋಗುವ ದುಡ್ಡಲ್ಲ. ಹಾಲಿನ ದರ ಏರಿದ್ದು ಹಾಲು ಹಾಕುವ ರೈತರಿಗೆ ಎಂದು ಸರ್ಕಾರ ಹೇಳಿದೆ. ಆದರೆ ತಿಂಗಳ ಕೊನೆಗೆ ಮನೆ ಖರ್ಚಿನ ಲೆಕ್ಕ ಹಾಕುವವರಿಗೆ ಎಲ್ಲವೂ ಒಂದೇ ಕಡೆಯಿಂದ ಬಂದ ಏಟಿನ ಹಾಗೆ ಕಾಣುತ್ತದೆ.

ಆ ರೂಪಾಯಿ ಎಲ್ಲಿಗೆ ಹೋಗುತ್ತದೆ?

2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ ಹಣ 51,034 ಕೋಟಿ ರೂಪಾಯಿ. ಒಟ್ಟು ಬಜೆಟ್‌ನ ಎಂಟನೇ ಒಂದು ಭಾಗ. ಹಳೆಯ ಸಾಲದ ಅಸಲು, ಬಡ್ಡಿಗೆ ರೂಪಾಯಿಯಲ್ಲಿ ಸುಮಾರು 18 ಪೈಸೆ. ಅದೇ ವರ್ಷ ಮಾಡಲು ಹೊರಟ ಹೊಸ ಸಾಲ 1.16 ಲಕ್ಷ ಕೋಟಿ.

ಇದರ ಜೊತೆಗೆ ವೇತನ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಇದರಿಂದ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಖರ್ಚು ಎಂದು ಸರ್ಕಾರವೇ ಹೇಳಿತು. ನಿವೃತ್ತರ ಪಿಂಚಣಿಯೂ ಇದರ ಜೊತೆಗೇ ಏರುತ್ತದೆ. 2006ರ ಏಪ್ರಿಲ್‌ಗೆ ಮುಂಚೆ ಕೆಲಸಕ್ಕೆ ಸೇರಿದವರಿಗೆಲ್ಲ ಹಳೆ ಪಿಂಚಣಿ ಪದ್ಧತಿಯೇ ಇದೆ. ಅವರು ವರ್ಷ ವರ್ಷ ದೊಡ್ಡ ಸಂಖ್ಯೆಯಲ್ಲಿ ನಿವೃತ್ತರಾಗುತ್ತಿದ್ದಾರೆ.

ಶುರುವಿನ ಗೊಂದಲದ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತದೆ. ಹುದ್ದೆ ಖಾಲಿ ಇರುವುದೂ ನಿಜ, ಸಂಬಳದ ಹೊರೆ ಏರಿರುವುದೂ ನಿಜ. ಒಂದರಿಂದಲೇ ಇನ್ನೊಂದು ಹುಟ್ಟಿದೆ. ಒಬ್ಬ ಕಾಯಂ ನೌಕರನಿಗೆ ಆಗುವ ಖರ್ಚು ಏರಿದಷ್ಟೂ ಹೊಸಬರನ್ನು ತೆಗೆದುಕೊಳ್ಳಲು ಹಣಕಾಸು ಇಲಾಖೆ ಹಿಂದೆ ಮುಂದೆ ನೋಡುತ್ತದೆ. ಗ್ಯಾರಂಟಿಯನ್ನು ಕಡಿಮೆ ಮಾಡುವಂತಿಲ್ಲ. ಬಡ್ಡಿ ತಪ್ಪಿಸುವಂತಿಲ್ಲ. ಕೆಲಸದಲ್ಲಿ ಇರುವವರ ಸಂಬಳ ನಿಲ್ಲಿಸುವಂತಿಲ್ಲ. ಸದ್ದಿಲ್ಲದೆ ಉಳಿತಾಯ ಮಾಡಲು ಸರ್ಕಾರಕ್ಕೆ ಇರುವ ದಾರಿ ಒಂದೇ: ನಿವೃತ್ತರಾದವರ ಕುರ್ಚಿಯನ್ನು ಹಾಗೇ ಖಾಲಿ ಬಿಡುವುದು. ಖಾಲಿ ಕುರ್ಚಿ ಧರಣಿ ಕೂರುವುದಿಲ್ಲ. ಅದರ ಬೆಲೆ ಕಟ್ಟುವುದು ಕೌಂಟರಿನ ಈಚೆ ನಿಂತವರು.

ಮೂರರಲ್ಲಿ ಒಂದು ಕುರ್ಚಿ ಖಾಲಿ

ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಏಳೂಮುಕ್ಕಾಲು ಲಕ್ಷದ ಆಸುಪಾಸು. ಭರ್ತಿಯಾಗಿರುವುದು ಐದು ಲಕ್ಷದ ಆಸುಪಾಸು. ಸಾವಿರ ಜನರಿಗೆ ಎಂಟು ಕಾಯಂ ನೌಕರರೂ ಸಿಗುವುದು ಕಷ್ಟ. ಶಿಕ್ಷಕರು, ಪೊಲೀಸರು, ನರ್ಸ್‌ಗಳು ಎಲ್ಲ ಆ ಎಂಟರ ಒಳಗೇ ಬರಬೇಕು.

ಖಾಲಿ ಉಳಿದಿದ್ದಕ್ಕೆ ದುಡ್ಡೊಂದೇ ಕಾರಣ ಅಲ್ಲ. ಪಿಎಸ್‌ಐ ನೇಮಕಾತಿ ಹಗರಣದಿಂದ 2022ರಲ್ಲಿ 545 ಹುದ್ದೆಗಳ ಪರೀಕ್ಷೆ ರದ್ದಾಯಿತು. 2024ರಲ್ಲಿ ಕೆಪಿಎಸ್‌ಸಿ 384 ಹುದ್ದೆಗಳಿಗೆ ನಡೆಸಿದ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದ ಎಷ್ಟು ಕೆಟ್ಟದಾಗಿತ್ತು ಅಂದರೆ ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪುಗಳ ದೂರು ಬಂತು. ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆಯುವ ಚಳ್ಳಕೆರೆ, ಜಗಳೂರಿನ ಮಕ್ಕಳಿಗೆ ಇದು ಎಂಥ ಅನ್ಯಾಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗಿನ ಗುಂಪುಗಳಿಗೆ ಹಂಚುವುದು, ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು. ನ್ಯಾ. ನಾಗಮೋಹನ್ ದಾಸ್ ಆಯೋಗದ ವರದಿ ಬಂದು, ಸಂಪುಟ ಅದರ ಮೇಲೆ ತೀರ್ಮಾನ ತೆಗೆದುಕೊಳ್ಳುವ ಹೊತ್ತಿಗೆ 2025ರ ಆಗಸ್ಟ್ ಆಗಿತ್ತು. ಒಳಮೀಸಲಾತಿ ಬೇಡಿಕೆ ದಶಕಗಳ ಹಳೆಯದು, ನ್ಯಾಯವಾದದ್ದು. ಆದರೆ ಅದನ್ನು ಇಷ್ಟು ವರ್ಷ ಎಳೆದಾಡಿದ್ದರ ಫಲ, ಕೊನೆಗೆ ಅದು ಬಂದಾಗ ಇಡೀ ನೇಮಕಾತಿಯೇ ಹತ್ತು ತಿಂಗಳು ನಿಂತಿತು. ಅಷ್ಟರಲ್ಲಿ ಎಷ್ಟೋ ಜನರ ವಯಸ್ಸು ಮೀರಿತು. ಸರ್ಕಾರ ವಯೋಮಿತಿ ಸಡಿಲಿಸಬೇಕಾಯಿತು.

ಇಲ್ಲಿ ಚಿತ್ರದುರ್ಗದ ಮಾತನ್ನು ಬೇರೆಯಾಗಿ ಹೇಳಬೇಕು. ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಮೊಳಕಾಲ್ಮುರು, ಚಳ್ಳಕೆರೆ, ಪಕ್ಕದ ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಈ ಕಡೆ ಎಷ್ಟೋ ಮನೆಗಳಲ್ಲಿ ಮೊದಲ ಸಲ ತಿಂಗಳ ಸಂಬಳ ಕಂಡಿದ್ದು ಸರ್ಕಾರಿ ನೌಕರಿಯಿಂದ. ಕಾಯಂ ಹುದ್ದೆ ಹೊರಗುತ್ತಿಗೆಗೆ ಹೋದರೆ ಮೀಸಲಾತಿಯೂ ಅದರ ಜೊತೆಗೇ ಜಾರುತ್ತದೆ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಎಂಬ ಆದೇಶ ಬಂದಿದ್ದೇ 2024ರಲ್ಲಿ. "ಸರ್ಕಾರ ಚಿಕ್ಕದಾಗಲಿ" ಎಂದು ಬೆಂಗಳೂರಿನ ಟಿವಿ ಚರ್ಚೆಯಲ್ಲಿ ಹೇಳುವುದಕ್ಕೂ ಮೊಳಕಾಲ್ಮುರಿನಲ್ಲಿ ಅದನ್ನು ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರ ಇದು.

ಒಂದು ಪೌತಿ ಖಾತೆಯ ದಾರಿ

ಇದೆಲ್ಲ ನೆಲದ ಮೇಲೆ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡಿದ್ದಾರೆ, ನಾಲ್ಕು ಎಕರೆ ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ ಬೇಕು, ನಾಡಕಚೇರಿಯಿಂದ ವಂಶವೃಕ್ಷ ಬೇಕು. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಈಗಲೂ ವಿಎ ಅನ್ನುವವರು, ವರದಿ ಕೊಡಬೇಕು. ರೆವಿನ್ಯೂ ಇನ್‌ಸ್ಪೆಕ್ಟರ್ ಅದನ್ನು ನೋಡಬೇಕು. ಅಣ್ಣ ತಮ್ಮ ಭಾಗ ಮಾಡಿಕೊಳ್ಳುವುದಾದರೆ 11-ಇ ನಕ್ಷೆ, ಅಂದರೆ ಭಾಗಗಳನ್ನು ಅಳೆದು ತೋರಿಸುವ ನಕ್ಷೆ ಆಗಬೇಕು. ಅದಕ್ಕೆ ಭೂಮಾಪಕರು ಹೊಲಕ್ಕೆ ಬರಬೇಕು. ಸರ್ವೆ ಕೆಲಸಕ್ಕೆ ಸರದಿ ಇರುತ್ತದೆ.

ಆ ವಿಎ ಕೈಯಲ್ಲಿ ಒಂದು ಫೋನ್ ಇದೆ. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಬಗರ್ ಹುಕುಂ ಅರ್ಜಿ, ಸರ್ಕಾರಿ ಜಮೀನಿನ ಗಸ್ತು, ಪಿಂಚಣಿ ಪರಿಶೀಲನೆ, ಹೀಗೆ ಒಂದೊಂದಕ್ಕೂ ಒಂದೊಂದು ಆ್ಯಪ್. ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಹೇರುತ್ತಾರೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. 2025ರ ಫೆಬ್ರುವರಿಯಲ್ಲಿ ಮತ್ತೆ ಹೂಡಿದರು. ಅಕ್ಕಪಕ್ಕದ ವೃತ್ತಗಳು ಖಾಲಿ ಇದ್ದರೆ ಅವುಗಳ ಪ್ರಭಾರವೂ ಅವರದೇ. ವಾರದಲ್ಲಿ ಎರಡು ದಿನ ಒಂದು ಕಡೆ, ಎರಡು ದಿನ ಇನ್ನೊಂದು ಕಡೆ. ಉಳಿದದ್ದು ತಾಲ್ಲೂಕು ಕೇಂದ್ರದಲ್ಲಿ ಮೀಟಿಂಗ್.

ಖಾತೆ ಆಗದಿದ್ದರೆ ಏನಾಗುತ್ತದೆ? ಬರ ಬಂದಾಗ ಬೆಳೆ ಪರಿಹಾರ ಪಹಣಿಯಲ್ಲಿ ಹೆಸರು ಇದ್ದವರ ಖಾತೆಗೆ ಹೋಗುತ್ತದೆ. ಸತ್ತವರ ಹೆಸರಿಗೆ ಬರುವುದಿಲ್ಲ. ಸೊಸೈಟಿಯಲ್ಲಿ ಬೆಳೆ ಸಾಲ ಸಿಗುವುದಿಲ್ಲ. ಆಗ ಮಧ್ಯವರ್ತಿ ಬರುತ್ತಾನೆ. ಅವನ ಹತ್ತಿರ ಯಾವ ಮಂತ್ರವೂ ಇಲ್ಲ. ಸರದಿಯಲ್ಲಿ ಮುಂದೆ ತಳ್ಳುವುದಷ್ಟೇ ಅವನ ಕೆಲಸ. ಸರದಿ ಉದ್ದ ಇದ್ದಷ್ಟೂ ಅವನ ರೇಟು ಜಾಸ್ತಿ. ಲಂಚಕ್ಕೆ ನೌಕರರ ದುರಾಸೆ ಒಂದು ಕಾರಣ ಹೌದು. ಆದರೆ ಕೆಲಸ ಮಾಡುವ ಕೈ ಕಡಿಮೆ ಇರುವುದು ಆ ದುರಾಸೆಗೆ ಗೊಬ್ಬರ ಹಾಕುತ್ತದೆ. ಸರ್ಕಾರಿ ಸೇವೆಯನ್ನು ಇಷ್ಟೇ ದಿನದಲ್ಲಿ ಕೊಡಬೇಕು ಎನ್ನುವ, 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಹಕ್ಕು ಕೊಟ್ಟರು, ಒಳ್ಳೆಯದೇ ಆಯಿತು. ಆದರೆ ಆ ಹಕ್ಕಿಗೆ ತಕ್ಕಷ್ಟು ಕೈಗಳನ್ನು ಕೊಡಲಿಲ್ಲ.

ಶಾಲೆಯಲ್ಲೂ ಇದೇ ಕಥೆ. ಸರ್ಕಾರಿ ಶಾಲೆಗಳು ನಡೆಯುತ್ತಿರುವುದು ಸುಮಾರು ಐವತ್ತು ಸಾವಿರ ಅತಿಥಿ ಶಿಕ್ಷಕರ ಮೇಲೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಗೌರವಧನ ಏರಿಸಿದ ಮೇಲೂ ಸಿಗುವುದು ತಿಂಗಳಿಗೆ 12,000 ರೂಪಾಯಿ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರು ಶಿಕ್ಷಕರೇ. ಸಮೀಕ್ಷೆ ಮುಗಿಯಲಿಲ್ಲ ಎಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಹೊಸ ಕೆಲಸ ಬಂತು, ಹೊಸ ಜನ ಬರಲಿಲ್ಲ. ಪಾಠ ಕಳೆದುಕೊಂಡವರು ಮಕ್ಕಳು.

ಹಾಗಾದರೆ ಬೆಳೆದದ್ದು ಯಾವುದು?

ಮೇಲಿನ ತುದಿ. ಸಂವಿಧಾನದ 91ನೇ ತಿದ್ದುಪಡಿ 2003ರಲ್ಲಿ ಬಂತು. ಮಂತ್ರಿಗಳ ಸಂಖ್ಯೆ ಶಾಸಕರ ಸಂಖ್ಯೆಯ 15% ಮೀರಬಾರದು ಎಂದಿತು. 224 ಶಾಸಕರ ಕರ್ನಾಟಕದಲ್ಲಿ 34 ಜನ ಮಂತ್ರಿಯಾಗಬಹುದು, ಅಷ್ಟೇ. ತಿದ್ದುಪಡಿಯ ಉದ್ದೇಶ ಒಳ್ಳೆಯದು. ಆದರೆ ಗೆದ್ದ ಪಕ್ಷದಲ್ಲಿ ನೂರಕ್ಕೂ ಜಾಸ್ತಿ ಶಾಸಕರಿರುತ್ತಾರೆ, ಎಲ್ಲರಿಗೂ ಏನಾದರೂ ಬೇಕು. ಮುಂಬಾಗಿಲು ಮುಚ್ಚಿದ ಮೇಲೆ ಪಕ್ಕದ ಬಾಗಿಲು ತೆರೆಯಿತು. ನಿಗಮ-ಮಂಡಳಿ ಅಧ್ಯಕ್ಷಗಿರಿ, ಸಲಹೆಗಾರರು, ರಾಜಕೀಯ ಕಾರ್ಯದರ್ಶಿಗಳು. ಸಂಪುಟ ದರ್ಜೆ ಅಂದರೆ ಕಾರು, ಕಚೇರಿ, ಸಿಬ್ಬಂದಿ, ಭತ್ಯೆ. ಇದು ಒಂದೇ ಪಕ್ಷದ ಚಾಳಿ ಅಲ್ಲ. ಬಿಜೆಪಿ ಸರ್ಕಾರ ಇದ್ದಾಗ 2020ರ ನವೆಂಬರ್ ತಿಂಗಳೊಂದರಲ್ಲೇ ಮರಾಠ ಸಮುದಾಯಕ್ಕೆ, ವೀರಶೈವ-ಲಿಂಗಾಯತ ಸಮುದಾಯಕ್ಕೆ ಅಭಿವೃದ್ಧಿ ನಿಗಮ ಘೋಷಣೆಯಾದವು. ಆಮೇಲೆ ಒಕ್ಕಲಿಗರಿಗೂ ಬಂತು. ಒಂದು ಸಮುದಾಯಕ್ಕೆ ಕೊಟ್ಟರೆ ಪಕ್ಕದವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಒಂದೊಂದು ನಿಗಮಕ್ಕೂ ಒಬ್ಬ ಅಧ್ಯಕ್ಷ, ಒಬ್ಬ ವ್ಯವಸ್ಥಾಪಕ ನಿರ್ದೇಶಕ, ಒಂದು ಬಾಡಿಗೆ ಕಟ್ಟಡ ಬೇಕಾಗುತ್ತದೆ. ಸಮುದಾಯದ ಬಡವನಿಗೆ ಸಿಗುವುದು ಬೋರ್‌ವೆಲ್‌ಗೋ ಸಣ್ಣ ಸಾಲಕ್ಕೋ ಒಂದು ಅರ್ಜಿ ಫಾರಂ.

ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಗ್ಯಾರಂಟಿ ಅನುಷ್ಠಾನ ಸಮಿತಿಗಳು ಬಂದವು. ರಾಜ್ಯಕ್ಕೊಂದು, ಜಿಲ್ಲೆಗೊಂದು, ತಾಲ್ಲೂಕಿಗೊಂದು. ಅಧ್ಯಕ್ಷರಿಗೆ ಖಜಾನೆಯಿಂದ ತಿಂಗಳ ಗೌರವಧನ. ಪಕ್ಷದ ಕಾರ್ಯಕರ್ತರಿಗೆ ಜನರ ದುಡ್ಡು ಯಾಕೆ ಎಂದು 2025ರ ಮಾರ್ಚ್‌ನಲ್ಲಿ ವಿರೋಧ ಪಕ್ಷಗಳು ಸದನದಲ್ಲಿ ಗಲಾಟೆ ಎಬ್ಬಿಸಿದವು. ಕೋಟಿಗಟ್ಟಲೆ ಫಲಾನುಭವಿಗಳಿಗೆ ಹಣ ಸರಿಯಾಗಿ ತಲುಪಿದೆಯಾ ಎಂದು ನೋಡಲು ಯಾರಾದರೂ ಬೇಕಲ್ಲ ಎಂದು ಸರ್ಕಾರ ಉತ್ತರಿಸಿತು. ಆ ಕೆಲಸಕ್ಕೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಅಂತ ಸಂಸ್ಥೆಗಳು ಇವೆ. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಅಂತ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಜನ ಆರಿಸಿದವರು ಇರಬೇಕಾದ ಜಾಗ ಖಾಲಿ, ಮೇಲಿನವರು ನೇಮಿಸಿದವರ ಜಾಗ ಭರ್ತಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ ಇದೇ.

ಅದೇ ಮಾರ್ಚ್‌ನಲ್ಲಿ ಶಾಸಕರ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಗಲಾಟೆಯ ನಡುವೆಯೇ ಮಸೂದೆ ಪಾಸಾಯಿತು. ನಾಲ್ಕು ಲಕ್ಷ ಕೋಟಿಯ ಬಜೆಟ್‌ನಲ್ಲಿ ಇದು ಸಣ್ಣ ಮೊತ್ತ, ಒಪ್ಪೋಣ. ಆದರೆ ಅದೇ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹದಿನೈದು ಸಾವಿರ ಖಾತ್ರಿ ಮಾಡಿ ಎಂದು ಬೆಂಗಳೂರಿನ ಚಳಿಯಲ್ಲಿ ರಾತ್ರಿ ಕಳೆದಿದ್ದರು. ಈ ಎರಡನ್ನೂ ಜನ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನೋಡಬೇಕಾದದ್ದೇ.

ಒಂದು ರಸ್ತೆ, ಆರು ಕಚೇರಿ

ಬೆಳವಣಿಗೆಯ ಇನ್ನೊಂದು ರೂಪ ದಾವಣಗೆರೆಯ ಬೀದಿಯಲ್ಲೇ ಕಾಣುತ್ತದೆ. 2007ರಲ್ಲಿ ಇಲ್ಲಿ ಮಹಾನಗರ ಪಾಲಿಕೆ ಆಯಿತು. ಹೊಸ ಬಡಾವಣೆ ನೋಡಿಕೊಳ್ಳಲು ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ ಇದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಅದಕ್ಕೆ ಬೇರೆಯದೇ ಕಂಪನಿ ಆಯಿತು. ಕುಡಿಯುವ ನೀರಿನ ಜಲಸಿರಿ ಯೋಜನೆಗೆ ಇನ್ನೊಂದು ಸಂಸ್ಥೆ. ಕರೆಂಟಿಗೆ ಬೆಸ್ಕಾಂ. ಕೆಲವು ರಸ್ತೆ ಲೋಕೋಪಯೋಗಿ ಇಲಾಖೆಯದು.

ಒಬ್ಬರು ಕಾಂಕ್ರೀಟ್ ಹಾಕುತ್ತಾರೆ, ಇನ್ನೊಬ್ಬರು ಪೈಪಿಗೆ ಅಗೆಯುತ್ತಾರೆ. ಗುಂಡಿ ಬಿದ್ದರೆ ವಾರ್ಡಿನ ಜನ ಮೊದಲು ಹುಡುಕಬೇಕಾದದ್ದು ಗುಂಡಿ ಯಾರದು ಅನ್ನುವುದನ್ನು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನ ಸಮಸ್ಯೆ ದಶಕಗಟ್ಟಲೆ ಎಳೆದದ್ದು ಊರಿನವರಿಗೆಲ್ಲ ಗೊತ್ತು. ರೈಲ್ವೆ ಕೇಂದ್ರದ್ದು, ರಸ್ತೆ ಪಾಲಿಕೆಯದು, ದುಡ್ಡು ಮತ್ತೆಲ್ಲಿಂದಲೋ ಬರಬೇಕು.

ಹೀಗೆ ಬೇರೆ ಬೇರೆ ಕಂಪನಿ, ನಿಗಮ ಮಾಡುವುದಕ್ಕೆ ಕಾರಣವೂ ಇದೆ. ಕೃಷ್ಣಾ ಭಾಗ್ಯ ಜಲ ನಿಗಮ 1994ರಲ್ಲಿ ಹುಟ್ಟಿದ್ದು ನೀರಾವರಿಗೆ ಬಾಂಡ್ ಮೂಲಕ ಮಾರುಕಟ್ಟೆಯಿಂದ ಸಾಲ ಎತ್ತಲು. ಇಲಾಖೆಗಾದರೆ ಆ ದಾರಿ ಇರಲಿಲ್ಲ, ಆಣೆಕಟ್ಟು ಇನ್ನೂ ತಡವಾಗುತ್ತಿತ್ತು. ಈಗ ಚಿತ್ರದುರ್ಗ ಕಾಯುತ್ತಿರುವ ಭದ್ರಾ ಮೇಲ್ದಂಡೆ ಯೋಜನೆ ನಡೆಸುವುದೂ ಒಂದು ನಿಗಮವೇ, ವಿಶ್ವೇಶ್ವರಯ್ಯ ಜಲ ನಿಗಮ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ನೀರು ಕೊಡುವ ಯೋಜನೆ ಇದು. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣದ ವಿಷಯದಲ್ಲಿ ಕೇಂದ್ರ ರಾಜ್ಯದ ಕಡೆ, ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸುತ್ತಾ ಬಂದಿವೆ. ಸಂಸ್ಥೆಗಳು ಹೆಚ್ಚಿದಂತೆ ಬೆರಳು ತೋರಿಸುವ ದಿಕ್ಕುಗಳೂ ಹೆಚ್ಚುತ್ತವೆ. ರೈತನಿಗೆ ಕಾಣುವುದು ಅರ್ಧಕ್ಕೆ ನಿಂತ ಕಾಲುವೆ.

ಹತ್ತಿರ ಬಂದ ಸರ್ಕಾರದಿಂದ ಒಳ್ಳೆಯದೂ ಆಗಿದೆ

ಎಲ್ಲ ಬೆಳವಣಿಗೆಯೂ ಕೆಟ್ಟದ್ದಲ್ಲ. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲ್ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದಾಗ ದಾವಣಗೆರೆ ಹುಟ್ಟಿತು. ಅದಕ್ಕೆ ಮುಂಚೆ ಹರಿಹರದವರು ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕಾದರೆ ದಾವಣಗೆರೆ ದಾಟಿ ಚಿತ್ರದುರ್ಗಕ್ಕೇ ಹೋಗಬೇಕಿತ್ತು. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತಿತ್ತು. ಈಗ ಹಾಗಿಲ್ಲ. ಇದನ್ನು ಯಾರು ಬೇಡ ಅನ್ನುತ್ತಾರೆ?

ಆದರೆ ಜಿಲ್ಲೆ, ತಾಲ್ಲೂಕು ಘೋಷಣೆ ಮಾಡುವುದು ಸುಲಭ, ತುಂಬುವುದು ಕಷ್ಟ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯೂ ಸೇರಿ ಸುಮಾರು ಐವತ್ತು ಹೊಸ ತಾಲ್ಲೂಕುಗಳು 2018ರಲ್ಲಿ ಬಂದವು. ಇಂಥ ತಾಲ್ಲೂಕುಗಳ ಸಾಮಾನ್ಯ ದೂರು ಒಂದೇ: ತಹಶೀಲ್ದಾರ್ ಬಂದರು, ಉಳಿದ ಇಲಾಖೆಗಳು ಬರಲಿಲ್ಲ. ಇನ್ನು ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು. ಸಂವಿಧಾನದ 371-ಜೆ ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕೊಡುವ ವಿಶೇಷ ಸೌಲಭ್ಯಕ್ಕಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ, ಫೈಲು ಮಾತ್ರ ಊರೂರು ಸುತ್ತಿತು.

ಫೋನಿನ ಒಳಗಿಂದ ಬಂದ ಸರ್ಕಾರ

ಇನ್ನೊಂದು ಹೊಸ ಬೆಳವಣಿಗೆ ಇದೆ. ಅದಕ್ಕೆ ಹುದ್ದೆಯೂ ಬೇಡ, ಕಟ್ಟಡವೂ ಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕೊಟ್ಟಿತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ನೋಟಿಸ್ ಬಂದಿದ್ದು ಹೆಚ್ಚಾಗಿ ಬೆಂಗಳೂರಿನವರಿಗಾದರೂ ಹೆದರಿಕೆ ಎಲ್ಲ ಕಡೆ ಹರಡಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದು ಅಂಟಿಸಿದರು.

ಮಂಡಕ್ಕಿ, ಮೆಣಸಿನಕಾಯಿ ಮಾರುವ ಗಾಡಿಯನ್ನು ನೆನೆಸಿಕೊಳ್ಳಿ. ದಿನವಿಡೀ ಹತ್ತು, ಇಪ್ಪತ್ತು ರೂಪಾಯಿಯ "ಟಿಣ್" ಶಬ್ದ. ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಎಣ್ಣೆ, ಗ್ಯಾಸ್, ಕೂಲಿ ಕಳೆದರೆ ಕೈಗೆ ಉಳಿಯುವುದು ಸ್ವಲ್ಪ. ತರಕಾರಿ, ಬಿಡಿ ಹಾಲಿನಂಥ ವಸ್ತುಗಳಿಗೆ ತೆರಿಗೆಯೇ ಇಲ್ಲ. ಅದನ್ನೆಲ್ಲ ಬಿಡಿಸಿ ಹೇಳಲು ಎದುರಿಗೆ ಒಬ್ಬ ಮನುಷ್ಯ ಬೇಕು. ಲೆಕ್ಕ ಹಿಡಿಯಲು ಕಂಪ್ಯೂಟರ್ ಬಂತು, ಮಾತು ಕೇಳಲು ಆಳು ಬರಲಿಲ್ಲ. ಕೊಡುವ ಕೈಗಿಂತ ಕೇಳುವ ಕೈ ಬೇಗ ಉದ್ದ ಆಗಿದೆ ಎಂದು ಜನರಿಗೆ ಅನ್ನಿಸಿದರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಯಾರು ಏನು ಹೇಳುತ್ತಾರೆ

ಸರ್ಕಾರವನ್ನು ಕಿರಿದು ಮಾಡಬೇಕು ಎನ್ನುವವರ ವಾದಕ್ಕೆ ಆಧಾರ ಇದೆ. ಸಾಲದ ಕಂತು ಏರುತ್ತಿದೆ, ಸಂಬಳ-ಪಿಂಚಣಿ ಏರುತ್ತಿದೆ, ರಸ್ತೆ-ನೀರಾವರಿಗೆ ಉಳಿಯುವುದು ಕಡಿಮೆ. ಅವರ ಪರಿಹಾರ ಮಾತ್ರ ದಾರಿ ತಪ್ಪುತ್ತದೆ. ಹುದ್ದೆ ಕಡಿಮೆ ಮಾಡಿ ಅಂದಾಗ ಮೊದಲು ಹೋಗುವುದು ಡಿ ಗ್ರೂಪ್, ಆಮೇಲೆ ವಿಎ, ಭೂಮಾಪಕರು, ನರ್ಸ್. ನಿಗಮದ ಅಧ್ಯಕ್ಷಗಿರಿ ಕೊನೆಗೆ ಹೋಗುತ್ತದೆ, ಅಥವಾ ಹೋಗುವುದೇ ಇಲ್ಲ. ಹೊರಗುತ್ತಿಗೆಯಲ್ಲಿ ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ಏಜೆನ್ಸಿಯ ಸೇವಾ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಸರ್ಕಾರವೇ ಕಟ್ಟುತ್ತದೆ. ಉಳಿತಾಯ ಆಗುವುದು ಕೆಲಸಗಾರನ ಸಂಬಳದಲ್ಲಿ.

ನೌಕರರ ಸಂಘದವರು ಇಬ್ಬರು ಮೂವರ ಕೆಲಸ ಒಬ್ಬರು ಮಾಡುತ್ತಿದ್ದೇವೆ ಎನ್ನುತ್ತಾರೆ. ನಿಜ. ಆದರೆ ಅದೇ ಸಂಘಗಳು ವೇತನ ಆಯೋಗಕ್ಕೆ, ಹಳೆ ಪಿಂಚಣಿಗೆ ಹೋರಾಡಿದ ಗಟ್ಟಿತನದಲ್ಲಿ ಖಾಲಿ ಹುದ್ದೆ ತುಂಬಲು ಹೋರಾಡಿದ್ದು ಕಾಣುವುದಿಲ್ಲ. ಆ ಹೋರಾಟವನ್ನು ಮಾಡಬೇಕಾಗಿ ಬಂದಿದ್ದು ಧಾರವಾಡದ ಬೀದಿಗಿಳಿದ ಉದ್ಯೋಗಾಕಾಂಕ್ಷಿಗಳಿಗೆ.

ಗ್ಯಾರಂಟಿಗಳ ಬಗ್ಗೆಯೂ ಒಂದು ಮಾತು. ಖರ್ಚು ದೊಡ್ಡದು, ನಿಜ. ಆದರೆ ಗೃಹಲಕ್ಷ್ಮಿಯ ಎರಡು ಸಾವಿರ ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಶಕ್ತಿ ಟಿಕೆಟ್ ಸಿಗುತ್ತದೆ. ನಡುವೆ ಯಾರ ಸಹಿಯೂ ಬೇಡ. ಜನ ಇವನ್ನು ಇಷ್ಟಪಡಲು ದುಡ್ಡಿನಷ್ಟೇ ಇದೂ ಕಾರಣ ಅಂತ ನನಗೆ ಅನ್ನಿಸುತ್ತದೆ. ಸಿಟ್ಟು ಇರುವುದು ಸರ್ಕಾರ ಕೊಡುವುದರ ಮೇಲಲ್ಲ, ಸುಮ್ನೆ ಅಡ್ಡಾಡಿಸುವುದರ ಮೇಲೆ.

ಮುಂದೆ ಏನಾಗಬಹುದು

ಕೇಂದ್ರದ ಎಂಟನೇ ವೇತನ ಆಯೋಗಕ್ಕೆ 2025ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ವರದಿ ಬಂದ ಮೇಲೆ ರಾಜ್ಯದಲ್ಲೂ ಬೇಡಿಕೆ ಏಳುತ್ತದೆ. ಸಂಬಳ ಮತ್ತೆ ಏರಿದರೆ ನೇಮಕಾತಿ ಮತ್ತೆ ಹಿಂದೆ ಸರಿಯುತ್ತದೆ, ಹೊರಗುತ್ತಿಗೆ ಮತ್ತೆ ಹೆಚ್ಚುತ್ತದೆ. ಈ ಸುತ್ತು ತಾನಾಗಿ ನಿಲ್ಲುವುದಿಲ್ಲ.

ನಿಲ್ಲಿಸುವ ದಾರಿಯನ್ನು ಯಾರೂ ಹುಡುಕಿಲ್ಲ ಅಂತಲೂ ಅಲ್ಲ. ಹಾರನಹಳ್ಳಿ ರಾಮಸ್ವಾಮಿ ಅಧ್ಯಕ್ಷತೆಯಲ್ಲಿ ಒಂದು ಆಡಳಿತ ಸುಧಾರಣಾ ಆಯೋಗ ಆಗಿತ್ತು. ಆಮೇಲೆ ಟಿ.ಎಂ. ವಿಜಯ್ ಭಾಸ್ಕರ್, ನಂತರ ಆರ್.ವಿ. ದೇಶಪಾಂಡೆ ಎರಡನೇ ಆಯೋಗವನ್ನು ನಡೆಸಿದರು. ಒಂದೇ ಕೆಲಸ ಮಾಡುವ ನಿಗಮಗಳನ್ನು ಸೇರಿಸಿ, ಕೆಲಸವಿಲ್ಲದ್ದನ್ನು ಮುಚ್ಚಿ, ಸಿಬ್ಬಂದಿಯನ್ನು ಬೇಕಾದ ಕಡೆ ಕಳಿಸಿ ಎನ್ನುವ ಶಿಫಾರಸುಗಳು ಸರ್ಕಾರದ ಮುಂದಿವೆ. ಜಾರಿ ಮಾಡಿದರೆ ಅಧ್ಯಕ್ಷಗಿರಿ ಹಂಚಲು ಕುರ್ಚಿ ಕಡಿಮೆಯಾಗುತ್ತದೆ. ವರದಿ ಕಪಾಟಿನಲ್ಲಿ ಉಳಿಯುವುದು ಇದಕ್ಕೇ.

ಹಾಗಾಗಿ ಮುಂದಿನ ಬಜೆಟ್ ಬಂದಾಗ ಒಟ್ಟು ಮೊತ್ತ ಎಷ್ಟು ಏರಿತು ಅನ್ನುವುದನ್ನಷ್ಟೇ ನೋಡಿದರೆ ಸಾಲದು. ಎಷ್ಟು ನಿಗಮ ಮುಚ್ಚಿದರು, ಯಾವ ಹುದ್ದೆ ಮೊದಲು ತುಂಬಿದರು, ಜಿಲ್ಲಾ-ತಾಲ್ಲೂಕು ಪಂಚಾಯಿತಿಯಲ್ಲಿ ಆರಿಸಿ ಬಂದವರು ಕೂತಿದ್ದಾರಾ, ಇದನ್ನು ಕೇಳಬೇಕು. ಭೂಮಾಪಕರ ಹುದ್ದೆ ತುಂಬಿದ ವರ್ಷ ಜಗಳೂರಿನ ಆ ಅಣ್ಣ ತಮ್ಮಂದಿರ ಹೊಲಕ್ಕೆ ಅಳತೆಯ ಸರಪಳಿ ಬರುತ್ತದೆ. ಅಲ್ಲಿಯವರೆಗೆ ನಾಲ್ಕು ಎಕರೆ ಅಪ್ಪನ ಹೆಸರಲ್ಲೇ ಇರುತ್ತದೆ.